ಸಾಲವೂ ಸಿಕ್ಕಿತು, ತರಬೇತಿಯೂ ಆಯಿತು, ಲಾಭ ಯಾಕೆ ಏರಲಿಲ್ಲ?

ಸಣ್ಣ ವ್ಯಾಪಾರಿಗಳ ಲೆಕ್ಕಪತ್ರ ನೋಡುವುದು ನನ್ನ ಕೆಲಸ. ಸಾಲದ ಅರ್ಜಿ ಹಿಡಿದು ಬಂದವರಿಗೆ ನಾನು ಮೊದಲು ಕೇಳುವುದು, "ಮೊದಲ ಕಂತು ಯಾವತ್ತು?" ಬಡ್ಡಿ ಎಷ್ಟು ಅಂತ ಎಲ್ಲರಿಗೂ ಗೊತ್ತಿರುತ್ತದೆ. ಕಂತಿನ ದಿನವನ್ನು ಅಷ್ಟಾಗಿ ಯಾರೂ ನೋಡಿರುವುದಿಲ್ಲ. ಆದರೆ ಹಣ ಯಾವುದಕ್ಕೆ ಹೋಗುತ್ತದೆ ಅನ್ನುವುದು ನಿಂತಿರುವುದೇ ಅದರ ಮೇಲೆ.

ಎರಡೇ ವಾರಕ್ಕೆ ಕಂತು ಶುರುವಾದರೆ ಯಂತ್ರ ಕೊಳ್ಳಲು ಯಾರಿಗೆ ಧೈರ್ಯ ಬರುತ್ತದೆ? ಯಂತ್ರ ತರಬೇಕು, ಕೈ ಕುದುರಬೇಕು, ಗಿರಾಕಿ ಹುಟ್ಟಬೇಕು. ಅದಕ್ಕೆ ಕಾಯಲಾಗದೆ ಬೇಗ ಮಾರಿಹೋಗುವ ಸರಕು ತಂದುಬಿಡುತ್ತಾರೆ. ಸಾಲ ತೀರುತ್ತದೆ, ಗಳಿಕೆ ಇದ್ದಲ್ಲೇ ಇರುತ್ತದೆ. ಕೋಲ್ಕತ್ತದಲ್ಲಿ ಸಂಶೋಧಕರು ಕೆಲವು ಸಾಲಗಾರರಿಗೆ ಎರಡು ತಿಂಗಳು ಬಿಡುವು ಕೊಟ್ಟು ನೋಡಿದರು. ಸುಮಾರು ಮೂರು ವರ್ಷದ ನಂತರ ಅವರ ವಾರದ ಲಾಭ ಉಳಿದವರಿಗಿಂತ ಶೇ 40ರಷ್ಟು ಜಾಸ್ತಿ ಇತ್ತು. ಬಾಕಿ ಉಳಿಸಿಕೊಂಡವರೂ ಆ ಗುಂಪಿನಲ್ಲೇ ಹೆಚ್ಚು. ಸಾಲ ಕೊಡುವವರು ಹಿಂಜರಿಯುವುದು ಅದಕ್ಕೇ. ಆದರೂ ಬಿಡುವು ಕೇಳಿ ಅಂತಲೇ ನಾನು ಹೇಳುತ್ತೇನೆ.

ಇನ್ನು ತರಬೇತಿ. ಡೊಮಿನಿಕನ್ ಗಣರಾಜ್ಯದಲ್ಲಿ ಒಂದು ಗುಂಪಿಗೆ ಪೂರ್ತಿ ಲೆಕ್ಕಶಾಸ್ತ್ರ ಕಲಿಸಿದರು, ಇನ್ನೊಂದಕ್ಕೆ ಕೆಲವೇ ಸರಳ ಸೂತ್ರ. ಅಂಗಡಿಯ ದುಡ್ಡು ಒಂದು ಡ್ರಾಯರ್‌ನಲ್ಲಿ, ಮನೆಯ ದುಡ್ಡು ಇನ್ನೊಂದರಲ್ಲಿ, ನಿಮಗೆ ನೀವೇ ಇಷ್ಟು ಅಂತ ಸಂಬಳ. ಅಷ್ಟೇ. ಲೆಕ್ಕ ಇಡುವ ರೂಢಿ ಸುಧಾರಿಸಿದ್ದು ಈ ಎರಡನೇ ಗುಂಪಿನಲ್ಲಿ. ಟೋಗೊ ದೇಶದಲ್ಲಿ ಪಾಠಕ್ಕಿಂತ ಮನೋಭಾವಕ್ಕೆ ಒತ್ತು ಕೊಟ್ಟರು: ಯಾರೂ ಹೇಳುವ ಮೊದಲೇ ಹೊಸದನ್ನು ಮಾಡಿ ನೋಡುವುದು, ಅಡ್ಡಿ ಬಂದರೂ ಬಿಡದಿರುವುದು. 2017ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಲಾಭ ಶೇ 30ರಷ್ಟು ಏರಿತ್ತು. ಮಾಮೂಲಿ ವ್ಯವಹಾರ ತರಬೇತಿ ಅಷ್ಟು ಫಲ ಕೊಡಲಿಲ್ಲ.

ನನ್ನನ್ನು ಹೆಚ್ಚು ಕಾಡುವುದು ಮಹಿಳೆಯರ ವಿಷಯ. ಶ್ರೀಲಂಕಾದಲ್ಲಿ ಸಣ್ಣ ಉದ್ಯಮಗಳಿಗೆ ಸಹಾಯಧನ ಕೊಟ್ಟಾಗ ಗಂಡಸರ ಲಾಭ ಏರಿತು, ಹೆಂಗಸರದ್ದು ಏರಲಿಲ್ಲ. "ಅವರಿಗೆ ವ್ಯಾಪಾರ ಬರಲ್ಲ" ಅಂತ ಸುಮ್ನೆ ಹೇಳಿಬಿಡುವುದು ಸುಲಭ, ಅಲ್ವಾ? ಆಮೇಲೆ ಅದೇ ಮಾಹಿತಿಯನ್ನು ಮತ್ತೆ ಜಾಲಾಡಿದವರಿಗೆ ಬೇರೆಯದೇ ಕಂಡಿತು. ಮನೆಯಲ್ಲಿ ಇನ್ನೊಂದು ವ್ಯಾಪಾರ ಇದ್ದರೆ, ಆಕೆಗೆ ಬಂದ ಹಣ ಹೆಚ್ಚಾಗಿ ಗಂಡನ ವ್ಯಾಪಾರಕ್ಕೆ ಹೋಗುತ್ತಿತ್ತು. ಆಕೆಯದೊಂದೇ ವ್ಯಾಪಾರ ಇದ್ದ ಮನೆಗಳಲ್ಲಿ ಹಾಗೆ ಆಗಿರಲಿಲ್ಲ, ಹಣ ದುಡಿದಿತ್ತು. ಹಾಗಾಗಿ ಮಹಿಳೆಯೊಬ್ಬರ ಲಾಭ ನಿಂತಲ್ಲೇ ನಿಂತಿದ್ದರೆ, ಮನೆಯ ಇನ್ನೊಂದು ವ್ಯಾಪಾರದ ಲೆಕ್ಕವನ್ನೂ ತರಿಸಿ ನೋಡುತ್ತೇನೆ.