ಪ್ರಿ-ಮೆಡ್‌ಗೆ ಯಾವ ಮೇಜರ್? ಮೊದಲು ವೀಸಾ ಹೇಳಿ

"ಸೀಟು ಸಿಗುತ್ತದೆಯೇ, ಮೇಡಂ?"

ನ್ಯೂಜೆರ್ಸಿಯಲ್ಲಿ ಕಾಲೇಜು ಪ್ರವೇಶದ ಸಲಹೆ ಕೊಡುವ ನನಗೆ ಕನ್ನಡದ ಮನೆಗಳಿಂದ ಬರುವ ಮೊದಲ ಪ್ರಶ್ನೆ ಇದೇ. ಕೇಳುವವರು ಸಿಇಟಿ ಕೌನ್ಸೆಲಿಂಗ್ ಕಂಡು ಬಂದವರು. ಇಷ್ಟು ರ‍್ಯಾಂಕಿಗೆ ಇಂಥ ಕಾಲೇಜು ಎಂಬ ಲೆಕ್ಕ ಅವರಿಗೆ ಬಾಯಿಪಾಠ. ಇಲ್ಲಿ ಆ ಲೆಕ್ಕ ನಡೆಯುವುದಿಲ್ಲ.

ಈಚೆಗೆ ಬಂದ ಹುಡುಗಿಯ ಉದಾಹರಣೆ ನೋಡಿ (ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ). ಹನ್ನೊಂದನೇ ತರಗತಿ. ಜಿಪಿಎ (ಗ್ರೇಡುಗಳ ಸರಾಸರಿ, 4ಕ್ಕೆ) 3.94, ಪ್ರವೇಶ ಪರೀಕ್ಷೆ ಸ್ಯಾಟ್ 1600ಕ್ಕೆ 1510, ಕಾಲೇಜು ಮಟ್ಟದ ಏಳು ಎಪಿ ವಿಷಯಗಳು, ಆಸ್ಪತ್ರೆಯಲ್ಲಿ ಸ್ವಯಂಸೇವೆ, ಭರತನಾಟ್ಯ. ತಂದೆಯ ಪಟ್ಟಿಯಲ್ಲಿ ಹಾರ್ವರ್ಡ್, ಸ್ಟ್ಯಾನ್‌ಫರ್ಡ್, ಬ್ರೌನ್‌ನ ಎಂಟು ವರ್ಷದ ವೈದ್ಯಕೀಯ ಕಾರ್ಯಕ್ರಮ. ಎಲ್ಲದರ ಮುಂದೆಯೂ ಮೇಜರ್, ಅಂದರೆ ಪದವಿಯ ಮುಖ್ಯ ವಿಷಯ, "ಬಯಾಲಜಿ". ಇಂಥ ಅಂಕಗಳಿದ್ದರೆ ಅರ್ಜಿಯನ್ನು ಯಾರೂ ಪಕ್ಕಕ್ಕಿಡುವುದಿಲ್ಲ, ನಿಜ. ಆದರೆ ಹಾರ್ವರ್ಡ್, ಸ್ಟ್ಯಾನ್‌ಫರ್ಡ್‌ಗಳು ನೂರು ಅರ್ಜಿದಾರರಲ್ಲಿ ತೆಗೆದುಕೊಳ್ಳುವುದು ನಾಲ್ವರ ಆಸುಪಾಸು ಮಾತ್ರ. ಉಳಿದವರೂ ಇವಳಂಥವರೇ. ಹಾಗಾಗಿ ಶೇಕಡಾ ಇಷ್ಟು ಅವಕಾಶ ಎಂದು ನಾನು ಯಾರಿಗೂ ಹೇಳುವುದಿಲ್ಲ. ಹೇಳುವವರು ಜ್ಯೋತಿಷ್ಯ ಹೇಳುತ್ತಿದ್ದಾರೆ.

ಇನ್ನು ಬಯಾಲಜಿ. ಪ್ರಿ-ಮೆಡ್ ಎಂಬುದು ಪದವಿಯಲ್ಲ, ಪದವಿಯ ನಂತರ ವೈದ್ಯಕೀಯ ಕಾಲೇಜು ಸೇರಲು ಓದಿ ಮುಗಿಸಬೇಕಾದ ವಿಷಯಗಳ ಪಟ್ಟಿ: ಪ್ರಯೋಗಾಲಯ ಸಹಿತ ಜೀವಶಾಸ್ತ್ರ, ರಸಾಯನಶಾಸ್ತ್ರ, ಭೌತಶಾಸ್ತ್ರ, ಎಷ್ಟೋ ಮಕ್ಕಳ ಜಿಪಿಎ ಜಾರುವ ಆರ್ಗ್ಯಾನಿಕ್ ಕೆಮಿಸ್ಟ್ರಿ, ಜೊತೆಗೆ ಬಯೋಕೆಮಿಸ್ಟ್ರಿ. ಇವಿಷ್ಟಿದ್ದರೆ ಮೇಜರ್ ಸಂಗೀತವಾದರೂ ನಡೆಯುತ್ತದೆ. ನ್ಯೂಯಾರ್ಕಿನ ಮೌಂಟ್ ಸೈನಾಯ್ ವೈದ್ಯಕೀಯ ಕಾಲೇಜು 1980ರ ದಶಕದಿಂದಲೇ ಸಾಹಿತ್ಯ, ಇತಿಹಾಸ ಓದುವವರನ್ನು ಎಂಕ್ಯಾಟ್ ಎಂಬ ವೈದ್ಯಕೀಯ ಪ್ರವೇಶ ಪರೀಕ್ಷೆಯಿಲ್ಲದೆ ಸೇರಿಸಿಕೊಂಡಿತು. ಓದಿನಲ್ಲಿ ಅವರೇನೂ ಹಿಂದೆ ಬೀಳಲಿಲ್ಲ. ಮೇಜರ್ ಕಷ್ಟದ್ದು ಎಂದು ಯಾರೂ ರಿಯಾಯಿತಿ ಕೊಡುವುದಿಲ್ಲ. ಬಯೋಮೆಡಿಕಲ್ ಎಂಜಿನಿಯರಿಂಗ್‌ನ ಬಿ ಗ್ರೇಡ್ ಅರ್ಜಿಯಲ್ಲಿ ಬಿ ಗ್ರೇಡೇ. ಪ್ರತಿ ವರ್ಷ ಎಂ.ಡಿ.ಗೆ (ಇಲ್ಲಿ ಅದೇ ಮೊದಲ ವೈದ್ಯ ಪದವಿ) ಅರ್ಜಿ ಹಾಕುವ ಐವತ್ತು ಸಾವಿರಕ್ಕೂ ಹೆಚ್ಚು ಮಂದಿಯಲ್ಲಿ ಅರ್ಧದಷ್ಟು ಜನರಿಗೂ ಸೀಟಿಲ್ಲ. ಸೇರಿದವರ ಸರಾಸರಿ ಜಿಪಿಎ 3.8ರ ಆಸುಪಾಸು.

ಬಿಡುವಿನಲ್ಲಿ ಏನು ಓದುತ್ತೀಯಮ್ಮ ಎಂದು ಹುಡುಗಿಯನ್ನು ಕೇಳಿದೆ. ತಂದೆಯ ಮುಖ ನೋಡಿ, ಆಮೇಲೆ ಹೇಳಿದಳು: 1898ರ ಬೆಂಗಳೂರಿನ ಪ್ಲೇಗು. ಅಜ್ಜಿ ಹೇಳಿದ ಪ್ಲೇಗಮ್ಮನ ಗುಡಿಯ ಕಥೆಯಿಂದ ಶುರುವಾದ ಆಸಕ್ತಿ. ಹತ್ತು ನಿಮಿಷ ನಿಲ್ಲಿಸದೆ ಮಾತಾಡಿದಳು. ಭರತನಾಟ್ಯವನ್ನು ಎಲ್ಲರೂ ಬರೆಯುತ್ತಾರೆ, ಪ್ಲೇಗಮ್ಮನನ್ನು ಯಾರು ಬರೆಯುತ್ತಾರೆ? ಇತಿಹಾಸವೇ ಮೇಜರ್ ಆಗಲಿ ಎಂದುಬಿಟ್ಟೆ.

ಅಲ್ಲಿ ನಾನು ಅವಸರಪಟ್ಟೆ. ಮೊದಲೇ ಕೇಳಬೇಕಿದ್ದ ಪ್ರಶ್ನೆಯನ್ನು ಕೊನೆಗೆ ಕೇಳಿದೆ: ವೀಸಾ ಯಾವುದು? ಎಚ್-4, ಅಂದರೆ ತಂದೆಯ ಕೆಲಸದ ವೀಸಾ ಆಧರಿಸಿದ, 21ಕ್ಕೆ ಮುಗಿಯುವ ವೀಸಾ. ನಾಲ್ಕು ವರ್ಷದವಳಿದ್ದಾಗ ಬಂದವಳು. ಗ್ರೀನ್ ಕಾರ್ಡಿನ ಸಾಲಿನಲ್ಲಿ ತಂದೆ ನಿಂತು ಹನ್ನೊಂದು ವರ್ಷ. 21 ತುಂಬುವುದರೊಳಗೆ ಕಾರ್ಡ್ ಬಾರದಿದ್ದರೆ ಇಲ್ಲೇ ಬೆಳೆದ ಹುಡುಗಿ ಎಫ್-1 ಎಂಬ ವಿದ್ಯಾರ್ಥಿ ವೀಸಾ ಪಡೆದು ವಿದೇಶಿ ವಿದ್ಯಾರ್ಥಿನಿಯಾಗುತ್ತಾಳೆ. ಅಮೆರಿಕದ ಬಹಳಷ್ಟು ವೈದ್ಯಕೀಯ ಕಾಲೇಜುಗಳು ವಿದೇಶಿ ವಿದ್ಯಾರ್ಥಿಗಳ ಅರ್ಜಿಯನ್ನೇ ಪರಿಗಣಿಸುವುದಿಲ್ಲ. ಪರಿಗಣಿಸುವ ಕಡೆಯೂ ಕೇಂದ್ರ ಸರ್ಕಾರದ (ಫೆಡರಲ್) ಶಿಕ್ಷಣ ಸಾಲ ಇಲ್ಲ.

ಮೇಜರ್‌ನ ಪ್ರಶ್ನೆ ಆಗ ತಲೆಕೆಳಗಾಯಿತು. ಮೇಜರ್ ಯಾವುದೆಂಬ, ವೈದ್ಯಕೀಯ ಕಾಲೇಜಿಗೆ ಬೇಡವಾದ ವ್ಯತ್ಯಾಸ ವಲಸೆ ಇಲಾಖೆಗೆ ಬೇಕು. ಎಫ್-1 ಮೇಲೆ ಪದವಿ ಮುಗಿಸಿದವರಿಗೆ ಕೆಲಸ ಮಾಡಲು ಸಿಗುವ ಒಪಿಟಿ ಎಂಬ ಅನುಮತಿ 12 ತಿಂಗಳು. ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ಪಟ್ಟಿಯ ಪದವಿಯಾಗಿದ್ದರೆ ಇನ್ನೂ 24. ಇತಿಹಾಸ ಆ ಪಟ್ಟಿಯಲ್ಲಿಲ್ಲ. ಮೊದಲ ಸಲ ಸೀಟು ಸಿಗದೆ ಪ್ರಯೋಗಾಲಯದಲ್ಲಿ ದುಡಿಯುತ್ತ ಮತ್ತೆ ಅರ್ಜಿ ಹಾಕಬೇಕಾದವಳಿಗೆ ಆ ಎರಡು ವರ್ಷ ಸಣ್ಣ ಮಾತಲ್ಲ. ನನ್ನ ಮಾತನ್ನು ನಾನೇ ಹಿಂತೆಗೆದುಕೊಂಡೆ: ಸ್ಟ್ಯಾಟಿಸ್ಟಿಕ್ಸ್ ಮೇಜರ್, ಇತಿಹಾಸ ಮೈನರ್ (ಉಪವಿಷಯ). ಹುಡುಗಿಯ ಮುಖ ಸಪ್ಪಗಾಯಿತು. ಸೋಂಕು ಹೇಗೆ ಹರಡುತ್ತದೆ ಎಂಬುದನ್ನು ಅಳೆಯುವುದೂ ಸ್ಟ್ಯಾಟಿಸ್ಟಿಕ್ಸೇ ಎಂದಾಗ ಸ್ವಲ್ಪ ಅರಳಿತು. ಬಯಾಲಜಿಯೂ ಸ್ಟೆಮ್ ತಾನೇ ಎಂದರು ತಂದೆ. ಹೌದು, ಆದರೆ ಅದರ ಬರೀ ಬಿ.ಎಸ್. ಹಿಡಿದು ಕೆಲಸ ಹುಡುಕುವ ಕಷ್ಟವನ್ನು ನಾನು ಸಾಕಷ್ಟು ನೋಡಿದ್ದೇನೆ.

ಊರಿನಿಂದ ಅಜ್ಜಿಯ ಸಲಹೆ: ನೀಟ್ ಬರೆಸಿ. ಭಾರತದ ಪೌರಳಾದ್ದರಿಂದ ಬರೆಯಬಹುದು. ಆದರೆ ಎಂಬಿಬಿಎಸ್ ಮುಗಿಸಿ ಇಲ್ಲಿಗೆ ಮರಳಬೇಕೆಂದರೆ ವೈದ್ಯರ ಪರವಾನಗಿ ಪರೀಕ್ಷೆಯಾದ ಯುಎಸ್‌ಎಂಎಲ್‌ಇ, ರೆಸಿಡೆನ್ಸಿ ಎಂಬ ಆಸ್ಪತ್ರೆ ತರಬೇತಿ, ಮತ್ತೆ ವೀಸಾ.

ಸದ್ಯ ಇಬ್ಬರಿಗೂ ಹೋಂವರ್ಕ್ ಕೊಟ್ಟಿದ್ದೇನೆ. ವೀಸಾದವರನ್ನು ಪರಿಗಣಿಸುವ ವೈದ್ಯಕೀಯ ಕಾಲೇಜುಗಳನ್ನು ಮಗಳು ಗುರುತು ಹಾಕಿಕೊಂಡು ಬರಬೇಕು. ತಂದೆ ತಮ್ಮ ಪ್ರಯಾರಿಟಿ ಡೇಟ್ (ಗ್ರೀನ್ ಕಾರ್ಡ್ ಸಾಲಿಗೆ ಸೇರಿದ ದಿನ) ಮತ್ತು ಮಗಳ ಹುಟ್ಟಿದ ದಿನಾಂಕ ಬರೆದುಕೊಂಡು ವಲಸೆ ವಕೀಲರನ್ನು ಕಾಣಬೇಕು. ಕಾಲೇಜುಗಳ ಪಟ್ಟಿಯನ್ನು ಆಮೇಲೆ ಬಿಚ್ಚುತ್ತೇವೆ.