ಎಷ್ಟು ಪರ್ಸೆಂಟ್ ಬರುತ್ತೆ ಸಾರ್?

ಹೊಸದಾಗಿ ಡಿಸ್ಟಿಲರಿ ಹಾಕಲು ಸಲಹೆ ಕೇಳಿಕೊಂಡು ಬರುವವರ ಮೊದಲ ಪ್ರಶ್ನೆ ಯಾವಾಗಲೂ ಇದೇ, ಅಂದರೆ ಯಂತ್ರದಿಂದ ಹೊರಬರುವ ಸರಕಿನಲ್ಲಿ ಆಲ್ಕೋಹಾಲ್ ಎಷ್ಟು ಅಂತ. 96 ಬಂದರೆ ವಿಸ್ಕಿ ಫಸ್ಟ್ ಕ್ಲಾಸು, 70 ಬಂದರೆ ಮಿಷನ್ನಿನವರು ಟೋಪಿ ಹಾಕಿದರು ಅಂತ ಲೆಕ್ಕ. ಒಬ್ಬ ಯಜಮಾನರಂತೂ ಕ್ಯಾಟಲಾಗಿನ 96ಕ್ಕೆ ಕೆಂಪು ಪೆನ್ನಲ್ಲಿ ಸುತ್ತು ಹಾಕಿಕೊಂಡೇ ಬಂದಿದ್ದರು. ಇಂಥವರನ್ನು ಕೂರಿಸಿ ನಾನು ಈನಿಯಸ್ ಕಾಫಿಯ ಕಥೆ ಹೇಳುತ್ತೇನೆ. ಕುಡಿಯುವ ಕಾಫಿಗೂ ಇವನಿಗೂ ಸಂಬಂಧವಿಲ್ಲ.

ಈತ ಐರ್ಲೆಂಡಿನ ಅಬಕಾರಿ ಅಧಿಕಾರಿ. ಕಳ್ಳಬಟ್ಟಿ ಹಿಡಿಯೋದೇ ಕೆಲಸ. 1810ರಲ್ಲಿ ಡೊನೆಗಾಲ್‌ನಲ್ಲಿ ಜನ ಮೇಲೆ ಬಿದ್ದು ಬಡಿದು, ಬಯೊನೆಟ್ಟಿನಿಂದ ತೊಡೆಗೆ ತಿವಿದಿದ್ದರು. ಆದರೂ ಆಸಾಮಿ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ ಆಗಿಯೇಬಿಟ್ಟ. 1824ರಲ್ಲಿ ಕೆಲಸ ಬಿಟ್ಟು ಡಬ್ಲಿನ್ನಿನಲ್ಲಿ ತಾನೇ ಡಿಸ್ಟಿಲರಿ ನಡೆಸಿದ. 1830ರಲ್ಲಿ, ನಿಲ್ಲಿಸದೆ ಬಟ್ಟಿ ಇಳಿಸುವ ಯಂತ್ರಕ್ಕೆ ಪೇಟೆಂಟ್ ಪಡೆದ.

ಹಳೇ ಪದ್ಧತಿಯ ತಾಮ್ರದ ಹಂಡೆಯಾದರೆ ಸರಕು ತುಂಬಬೇಕು, ಕಾಯಿಸಬೇಕು, ಖಾಲಿ ಮಾಡಿ ತೊಳೆದು ಮತ್ತೆ ತುಂಬಬೇಕು. ಕಾಫಿಯದು ಎರಡು ಎತ್ತರದ ಕಂಬ, ಅಂದರೆ ಕಾಲಂ. ಒಂದರಲ್ಲಿ ವಾಶ್, ಅಂದರೆ ಹುದುಗಿದ ಧಾನ್ಯದ ನೀರು, ತೂತಿನ ತಟ್ಟೆಗಳ ಮೇಲೆ ಇಳಿಯುತ್ತಾ ಬರುತ್ತದೆ, ಕೆಳಗಿಂದ ಏರುವ ಹಬೆ ಅದರ ಆಲ್ಕೋಹಾಲನ್ನು ಎಬ್ಬಿಸಿಕೊಂಡು ಹೋಗುತ್ತದೆ. ಇನ್ನೊಂದರಲ್ಲಿ ಆ ಆವಿ ಮೇಲೇರುತ್ತಾ ಅದರಲ್ಲಿ ಆಲ್ಕೋಹಾಲಿನ ಪಾಲು ಹೆಚ್ಚುತ್ತದೆ. ಹೊರಬರುವಾಗ ಸುಮಾರು 94 ಪರ್ಸೆಂಟ್. ಸೌದೆ ಕಡಿಮೆ, ಕೂಲಿ ಕಡಿಮೆ, ಮಾಲು ಜಾಸ್ತಿ.

ಈಗ ಮುಖ್ಯ ವಿಷಯ, ದಯವಿಟ್ಟು ಗಮನ ಕೊಡಿ. ಪರ್ಸೆಂಟ್ ಏರಿದ್ದು ಹೇಗೆ? ಬೇರೆಯದನ್ನೆಲ್ಲ ಬಿಟ್ಟು ಬಂದದ್ದರಿಂದ. ಆ 'ಬೇರೆಯದು' ಬರೀ ನೀರಲ್ಲ. ಬಾರ್ಲಿಯ ಎಣ್ಣೆಯಂಶ, ಯೀಸ್ಟ್ ಕೊಟ್ಟ ಹಣ್ಣಿನ ವಾಸನೆ, ಎಲ್ಲಾ ಅದರಲ್ಲೇ ಇದ್ದವು. 96ಕ್ಕೆ ಹೋದರೆ ಬಾರ್ಲಿಯೋ ಕಾಕಂಬಿಯೋ ಅಂತ ಮೂಗಿಗೆ ಗೊತ್ತಾಗುವುದೂ ಕಷ್ಟ. ಹಾಗಂತಲೇ ಐರ್ಲೆಂಡಿನ ಕಾನೂನು, 94.8ಕ್ಕಿಂತ ಕೆಳಗೇ ನಿಲ್ಲಿಸಿ, ಧಾನ್ಯದ ರುಚಿ ಉಳಿಯಲಿ ಅನ್ನುತ್ತದೆ. ಶುದ್ಧ ಬೇರೆ, ರುಚಿ ಬೇರೆ. ಎಷ್ಟು ಸಲ ಹೇಳಿದರೂ ಮಾರನೇ ದಿನ ಫೋನು: "ಸಾರ್, ಆ 96ರದ್ದೇ ತಗೊಳ್ಳೋಣ ಅಲ್ವಾ?"

ಡಬ್ಲಿನ್ನಿನ ದೊಡ್ಡ ವಿಸ್ಕಿ ಕುಳಗಳಿಗೆ ಇದು ಚೆನ್ನಾಗಿ ಗೊತ್ತಿತ್ತು. ಜೇಮ್ಸನ್, ಪವರ್, ರೋ ಮನೆತನದವರು ಈ ಯಂತ್ರದ ಸರಕು ವಿಸ್ಕಿಯೇ ಅಲ್ಲ ಅಂತ ಪುಸ್ತಕವನ್ನೇ ಅಚ್ಚು ಹಾಕಿಸಿದರು. ಸ್ಕಾಟ್ಲೆಂಡಿನವರು ಸುಮ್ನೆ ಯಂತ್ರ ಕೊಂಡರು, ಹಂಡೆಯ ವಿಸ್ಕಿಗೆ ಇದನ್ನು ಬೆರೆಸಿ ಲೋಕವೆಲ್ಲ ಮಾರಿದರು. 1909ರಲ್ಲಿ ಬ್ರಿಟಿಷ್ ಸರ್ಕಾರದ ವಿಚಾರಣಾ ಆಯೋಗವಾದ ರಾಯಲ್ ಕಮಿಷನ್ ಇದನ್ನೂ ವಿಸ್ಕಿ ಎನ್ನಬಹುದು ಎಂದಿತು. ಇವತ್ತಿನ ಜೇಮ್ಸನ್ ಬಾಟಲಿಯಲ್ಲೂ ಹಂಡೆಯದರ ಜೊತೆ ಕಾಲಂ ವಿಸ್ಕಿ ಇದೆ.

ಹಾಗಾಗಿ ಕಾಲಂ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ವೋಡ್ಕಾ, ಜಿನ್ನಿಗೆ 96 ಬೇಕೇ ಬೇಕು. ವಿಸ್ಕಿಗೆ ಎಷ್ಟರಲ್ಲಿ ನಿಲ್ಲಿಸಬೇಕು ಅನ್ನೋದನ್ನು ನಿಮ್ಮ ಧಾನ್ಯ, ಯೀಸ್ಟ್, ಪೀಪಾಯಿ ನೋಡದೆ ಹೇಳಲಾರೆ. ಫೋನಿನಲ್ಲಂತೂ ಕೇಳಲೇಬೇಡಿ.