ಗೀಸರ್ ಕಾಯ್ತಿಲ್ಲ ಅಂತ ಸಿಲಿಂಡರ್ ಬದಲಾಯಿಸ್ಬೇಡಿ ಮಾರಾಯ್ರೇ

ಧನುರ್ಮಾಸ ಬಂತು ಅಂದ್ರೆ ನನ್ನ ಫೋನು ಬೆಳಗ್ಗೆ ಐದೂವರೆಗೇ ಹೊಡ್ಕೊಳ್ಳೋಕೆ ಶುರು. "ಗ್ಯಾಸ್ ಗೀಸರ್ ಹತ್ತುತ್ತಿಲ್ಲ, ನಿನ್ನೆ ತಾನೇ ಹೊಸ ಸಿಲಿಂಡರ್ ಹಾಕಿದ್ದೀವಿ." ಹಳೇದ್ರಲ್ಲಿ ಗ್ಯಾಸ್ ಖಾಲಿ ಆಗಿತ್ತಾ ಅಂತ ಕೇಳಿದ್ರೆ ಇಲ್ಲ, ಎತ್ತಿದ್ರೆ ಭಾರಾನೇ ಇತ್ತು ಅಂತಾರೆ. ಮತ್ಯಾಕ್ರೀ ಬದಲಾಯಿಸಿದ್ರಿ?

ಗ್ಯಾಸ್ ಗೀಸರ್ ಹತ್ತಿಸೋದು ನೀರು. ನೀವು ನಲ್ಲಿ ತಿರುಗಿಸಿದಾಗ ಹರಿಯೋ ನೀರು ಒಳಗಿರೋ ಡಯಾಫ್ರಾಮ್ ಅನ್ನೋ ತೆಳು ರಬ್ಬರ್ ಪೊರೆಯನ್ನ ತಳ್ಳುತ್ತೆ, ಅದು ಪಿನ್ ತಳ್ಳುತ್ತೆ, ಪಿನ್ ಸ್ವಿಚ್ ಒತ್ತುತ್ತೆ, ಆಮೇಲೇ ಬ್ಯಾಟರಿ ಶೆಲ್ಲಿಂದ ಟಕ್ ಟಕ್ ಅಂತ ಕಿಡಿ ಬರೋದು, ಗ್ಯಾಸ್ ವಾಲ್ವ್ ತೆಗೆಯೋದು. ಅದಕ್ಕೇ ಮೊದಲು ಕಿವಿ ಕೊಟ್ಟು ಕೇಳಿ. ಟಕ್ ಟಕ್ ಇಲ್ವಾ, ನೀರು ಸರಿಯಾಗಿ ಬರ್ತಿದ್ಯಾ ನೋಡಿ, ಇಲ್ಲಾಂದ್ರೆ ಶೆಲ್ ನೋಡಿ, ಸಿಲಿಂಡರ್ ಮುಟ್ಟಲೇಬೇಡಿ. ಟಕ್ ಟಕ್ ಬಂದೂ ಬೆಂಕಿ ಹತ್ತಿಲ್ವಾ, ಆಗ ರೆಗ್ಯುಲೇಟರ್ ಕಡೆ ಹೋಗಿ. (ಶೆಲ್ ಅರ್ಧ ಸತ್ತಿದ್ರೆ ಕಿಡಿ ಬಂದೂ ವಾಲ್ವ್ ತೆಗೆಯದೇ ಇರಬಹುದು, ನೋಡ್ದೆ ಖಚಿತ ಹೇಳಲ್ಲ.) ಟ್ಯಾಂಕ್ ನಲ್ಲಿಗಿಂತ 10 ಅಡಿ ಮೇಲಿದ್ರೂ ಸಿಗೋ ಒತ್ತಡ ಸುಮಾರು 0.3 ಬಾರ್ ಅಷ್ಟೇ, ಕೆಲವು ಮೆಷಿನ್ ಹತ್ತೋಕೆ ಅದು ಸಾಕೋ ಸಾಲದೋ ಅನ್ನೋ ಅಂಚು, ಅಂಥದ್ರಲ್ಲಿ ಬಿಸಿ ಹೆಚ್ಚಾಗ್ಲಿ ಅಂತ ನಲ್ಲಿ ಸಣ್ಣ ಮಾಡಿದ್ರೆ ಆರದೇ ಇನ್ನೇನಾಗುತ್ತೆ.

ಹೊಸನಗರದ ಕಡೆ ಒಬ್ಬರು ರಿಟೈರ್ಡ್ ಮೇಷ್ಟ್ರು, ಎರಡು ಸಿಲಿಂಡರ್ ಬದಲಾಯಿಸಿ ಮೂರನೇದಕ್ಕೆ ಬುಕ್ ಮಾಡಿ ಕೂತಿದ್ರು. ನಾನು ನೀರು ಒಳಗೆ ಹೋಗೋ ಕಡೆ ನಟ್ಟು ಬಿಚ್ಚಿ ಜಾಲರಿ ತೆಗೆದೆ, ಉಗುರಿನಷ್ಟು ಇರುತ್ತೆ ಅದು, ತುಂಬಾ ಕೆಂಪು ಮಣ್ಣು, ನಡುವೆ ಒಂದು ಪುಟಾಣಿ ಬಸವನಹುಳದ ಚಿಪ್ಪು. ಹಳೇ ಟೂತ್‌ಬ್ರಷ್ಷಲ್ಲಿ ಉಜ್ಜಿ ಹಾಕಿದೆ. ಆಗ್ಲೂ ಕಿಡಿ ಮಂಕು. ನೋಡಿದ್ರೆ ಒಂದು ಶೆಲ್ ಹೊಸದು, ಇನ್ನೊಂದು ಟಾರ್ಚಿಂದು, "ಅದ್ರಲ್ಲಿನ್ನೂ ಜೀವ ಇದೆ ಕಣಪ್ಪಾ" ಅಂದ್ರು. ಎರಡೂ ಒಟ್ಟಿಗೇ ಬದಲಾಯಿಸ್ಬೇಕು ಸರ್ ಅಂತ ನನ್ನ ಬ್ಯಾಗಿಂದೇ ಎರಡು ಹಾಕಿದೆ, ದುಡ್ಡಿನ ಬದಲು ಅವಲಕ್ಕಿ ಬಂತು.

ಆದ್ರೆ ನಂಗೆ ಅಲ್ಲಿ ನಿಜವಾಗ್ಲೂ ಹೆದರಿಕೆ ಆಗಿದ್ದು ಬೇರೆ. ಗೀಸರ್ ಬಚ್ಚಲೊಳಗೇ ಇತ್ತು, ಚಳಿ ಅಂತ ಕಿಟಕಿಗೆ ರಟ್ಟು ಹೊಡೆದಿದ್ರು. ಸೋರಿದ ಗ್ಯಾಸಾದ್ರೆ ವಾಸನೆ ಬರುತ್ತೆ, ಗಾಳಿ ಸಾಲದೆ ಉರಿದಾಗ ಹುಟ್ಟೋ ಕಾರ್ಬನ್ ಮೊನಾಕ್ಸೈಡಿಗೆ ವಾಸನೆನೇ ಇಲ್ಲ, ತಲೆ ತಿರುಗೋ ಹೊತ್ತಿಗೆ ಚಿಲಕ ತೆಗೆಯೋಕೂ ಕೈಯಲ್ಲಿ ಶಕ್ತಿ ಇರಲ್ಲ. ರಟ್ಟು ನಾನೇ ಕಿತ್ತು ಹಾಕಿದೆ. ಗೀಸರನ್ನ ಹೊರಗೋಡೆಗೆ ಹಾಕಿಸೋವರೆಗೆ ಕಿಟಕಿ ಬಾಗಿಲು ತೆಗೆದಿಟ್ಟು ಬಕೆಟ್ ತುಂಬಿಸಿ, ಗೀಸರ್ ಆರಿಸಿ ಸ್ವಲ್ಪ ಹೊತ್ತು ಬಿಟ್ಟು ಒಳಗೆ ಹೋಗಿ ಅಂದೆ. ಹೊರಗೆ ಯಾವಾಗ ಹಾಕಿಸ್ತೀರಿ ಸರ್ ಅಂದ್ರೆ, "ಸಂಕ್ರಾಂತಿ ಕಳೀಲಿ" ಅಂದ್ರು. ಯಾವ ಸಂಕ್ರಾಂತಿ ಅಂತ ಹೇಳ್ಲಿಲ್ಲ.